ಸೈಡ್ ಡ್ರಮ್ಮಿಗೆ ಹಗುರ ಕ್ಯಾರಿಯರ್: ಊರಿನ ವರ್ಕ್‌ಶಾಪಿನಲ್ಲೇ ಮಾಡಿಸಿಕೊಳ್ಳುವ ಬಗೆ

ಆಗಸ್ಟ್ 15ರ ತಾಲೀಮು ಶುರುವಾಯಿತೆಂದರೆ ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯ ಪಿ.ಟಿ. ಮೇಷ್ಟ್ರುಗಳೂ ಬ್ಯಾಂಡ್ ಮಾಸ್ಟರುಗಳೂ ಕೇಳುವುದು ಒಂದೇ ಪ್ರಶ್ನೆ. ಡ್ರಮ್ ಹೊತ್ತ ಮಕ್ಕಳಿಗೆ ಅರ್ಧ ಗಂಟೆಯಲ್ಲೇ ಭುಜ, ಸೊಂಟ ನೋವು ಬರುತ್ತದೆ. ಕಬ್ಬಿಣದ ಕ್ಯಾರಿಯರ್ ಬಿಟ್ಟು ಅಲ್ಯೂಮಿನಿಯಂದು ಮಾಡಿಸಿದರೆ ಸರಿಹೋಗುತ್ತದೆಯೇ?

ಅರ್ಧ ಸರಿಹೋಗುತ್ತದೆ. ಇನ್ನರ್ಧ ಇರುವುದು ಡ್ರಮ್ ಮೈಯಿಂದ ಎಷ್ಟು ದೂರ ನಿಲ್ಲುತ್ತದೆ ಎನ್ನುವುದರಲ್ಲಿ. ಲೋಹ ಬದಲಿಸುವ ಮುಂಚೆ ದೂರ ಕಡಿಮೆ ಮಾಡಿ. ಆ ಕೆಲಸಕ್ಕೆ ದುಡ್ಡೂ ಕಡಿಮೆ.

ಇಲ್ಲಿ ಹೇಳಿರುವುದು 14 ಇಂಚಿನ ಸೈಡ್ ಡ್ರಮ್ಮಿಗೆ, ಹೈಸ್ಕೂಲು ಮಕ್ಕಳ ಅಳತೆಗೆ. ಕ್ಯಾರಿಯರ್ ಎಂದರೆ ಎರಡೂ ಭುಜದ ಮೇಲೆ ಕೂತು, ಹೊಟ್ಟೆಯ ಮುಂದೆ ಡ್ರಮ್ಮನ್ನು ಹಿಡಿದು ನಿಲ್ಲಿಸುವ ಚೌಕಟ್ಟು. ಒಂದೇ ಹೆಗಲಿಗೆ ಅಡ್ಡಲಾಗಿ ಹಾಕುವ ಚರ್ಮದ ಸ್ಲಿಂಗ್ ಬೇರೆ. ಅದು ತೂಕದಲ್ಲಿ ಹಗುರವೇ, ಆದರೆ ಇಡೀ ಭಾರ ಕುತ್ತಿಗೆಯ ಒಂದು ಬದಿಗೆ ಬೀಳುತ್ತದೆ, ನಡೆಯುವಾಗ ಡ್ರಮ್ ತೊಡೆಗೆ ಬಡಿಯುತ್ತದೆ.

ಹಂತ 1: ತೂಗಿ, ಅಳೆದು, ಬರೆದಿಟ್ಟುಕೊಳ್ಳಿ

ಕೊಕ್ಕೆಗೆ ನೇತುಹಾಕುವ ಡಿಜಿಟಲ್ ತಕ್ಕಡಿ ಸಾಕು. ತೋಟದ ಮನೆಗಳಲ್ಲಿ ಮೆಣಸಿನ ಚೀಲ ತೂಗಲು ಇಟ್ಟಿರುತ್ತಾರಲ್ಲ, ಅದೇ. ಡ್ರಮ್ಮನ್ನು ಹಾಗೇ ಒಮ್ಮೆ ತೂಗಿ; ಕಾಲಿಗೆ ಒರಗುವ ಲೆಗ್ ರೆಸ್ಟ್ ಮತ್ತು ಸ್ಲಿಂಗಿನ ಕೊಕ್ಕೆ ಬಿಚ್ಚಿ ಇನ್ನೊಮ್ಮೆ ತೂಗಿ. ಕ್ಯಾರಿಯರ್ ಬಂದ ಮೇಲೆ ಇವೆರಡೂ ಬೇಡ. ಸ್ಕ್ರೂಗಳ ಸಮೇತ ಒಂದು ಡಬ್ಬಿಯಲ್ಲಿ ಎತ್ತಿಡಿ.

ಆಮೇಲೆ ಅಳತೆಗಳು. ಶೆಲ್ಲಿನ (ಡ್ರಮ್ಮಿನ ಉರುಟು ಮೈ) ಹೊರ ವ್ಯಾಸ ಮತ್ತು ಎತ್ತರ. ಅಕ್ಕಪಕ್ಕದ ಎರಡು ಟೆನ್ಷನ್ ರಾಡುಗಳ, ಅಂದರೆ ಮೇಲಿನ ರಿಮ್ಮಿನಿಂದ ಕೆಳಗಿನ ರಿಮ್ಮಿಗೆ ಎಳೆದು ಚರ್ಮ ಬಿಗಿಮಾಡುವ ಕಂಬಿಗಳ, ನಡುವಿನ ಅಂತರ. 14 ಇಂಚಿನ ಡ್ರಮ್ಮಿಗೆ 8 ರಾಡಿದ್ದರೆ ಇದು ಸುಮಾರು 145 ಮಿ.ಮೀ., 6 ರಾಡಿದ್ದರೆ ಸುಮಾರು 190 ಮಿ.ಮೀ. ಬರುತ್ತದೆ. ಒಂದೇ ಶಾಲೆಯಲ್ಲಿ ಎರಡು ಬಗೆಯ ಡ್ರಮ್ಮಿರುವುದು ಮಾಮೂಲು, ಹಾಗಾಗಿ ಪ್ರತಿಯೊಂದನ್ನೂ ಅಳೆಯಿರಿ.

ಹೊರುವ ಮಗುವಿನ ತೂಕವೂ ಬೇಕು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ, ಬ್ಯಾಗು ಮಗುವಿನ ತೂಕದ ಶೇ. 10ನ್ನು ಮೀರಬಾರದು ಎನ್ನುತ್ತದೆ. ಅದು ಡ್ರಮ್ಮಿಗೆಂದು ಬರೆದ ನಿಯಮವಲ್ಲ, ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 42 ಕೆ.ಜಿ.ಯ ಹುಡುಗಿಗೆ ಆ ಲೆಕ್ಕದಲ್ಲಿ ಸಿಗುವುದು 4.2 ಕೆ.ಜಿ. ಡ್ರಮ್ಮೊಂದೇ 4.5 ಕೆ.ಜಿ. ಇದ್ದರೆ ಎಂಥ ಕ್ಯಾರಿಯರ್ ಮಾಡಿಸಿದರೂ ಮಿತಿ ದಾಟಿದ್ದೇ. ಅಂಥ ಕಡೆ ತಾಲೀಮನ್ನು 15–20 ನಿಮಿಷದ ತುಂಡುಗಳಾಗಿ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಹಂತ 2: ಕಾಗದದ ಮೇಲೆ ಡ್ರಮ್ಮನ್ನು ಹತ್ತಿರ ತನ್ನಿ

ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯುವುದಕ್ಕೂ, ಅದನ್ನೇ ಮುಂದಕ್ಕೆ ಕೈಚಾಚಿ ಹಿಡಿದು ನಡೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಸೊಂಟವನ್ನು ಮುಂದಕ್ಕೆ ಜಗ್ಗುವ ಬಲವೆಂದರೆ ತೂಕ ಗುಣಿಸು ದೂರ. ದೂರವನ್ನು ಹೊಟ್ಟೆಯಿಂದ ಡ್ರಮ್ಮಿನ ನಟ್ಟನಡುವಿನವರೆಗೆ ಹಿಡಿಯಬೇಕು.

4.5 ಕೆ.ಜಿ. ಡ್ರಮ್ಮು, ಶೆಲ್ಲಿನ ತ್ರಿಜ್ಯ 17.8 ಸೆಂ.ಮೀ. ಎನ್ನಿ. ಹೊಟ್ಟೆಗೂ ಶೆಲ್ಲಿಗೂ ನಡುವೆ 11 ಸೆಂ.ಮೀ. ಸಂದಿ ಇದ್ದರೆ ಜಗ್ಗುವುದು 4.5 × 28.8, ಸುಮಾರು 130 ಕೆ.ಜಿ.-ಸೆಂ.ಮೀ. ಸಂದಿಯನ್ನು 5 ಸೆಂ.ಮೀ.ಗೆ ಇಳಿಸಿದರೆ 4.5 × 22.8, ಸುಮಾರು 103. ಸೊಂಟದ ಪಾಲಿಗೆ ಇದು ಡ್ರಮ್ಮಿನಿಂದ 900 ಗ್ರಾಂ ಮೇಲ್ಪಟ್ಟು ಕಿತ್ತು ಹಾಕಿದ್ದಕ್ಕೆ ಸಮ. ಭುಜದ ಮೇಲಿನ ನೇರ ಭಾರ ಇದರಿಂದ ಇಳಿಯುವುದಿಲ್ಲ, ಅದಕ್ಕೆ ಲೋಹವೇ ಹಗುರಾಗಬೇಕು. ಆದರೆ ಮಕ್ಕಳು ಹಿಂದಕ್ಕೆ ವಾಲಿ ನಡೆಯುವುದಕ್ಕೆ ಕಾರಣ ಈ ಸಂದಿಯೇ.

ಸಂದಿ 5 ಸೆಂ.ಮೀ.ಗಿಂತ ತೀರ ಕಡಿಮೆ ಮಾಡಲು ಹೋಗಬೇಡಿ. ರಾಡಿನ ತಲೆಗಳು ಹೊಟ್ಟೆಗೆ ಚುಚ್ಚುತ್ತವೆ, ಡ್ರಮ್ ಇಳಿಸಿ ಏರಿಸಲು ಬೆರಳಿಗೆ ಜಾಗ ಇರುವುದಿಲ್ಲ.

ಹಂತ 3: ಸಾಮಾನು

ಕಿಟಕಿ, ಪಾರ್ಟಿಷನ್ ಕೆಲಸದವರಿಗೆ ಅಲ್ಯೂಮಿನಿಯಂ ಸೆಕ್ಷನ್ ಮಾರುವ ಅಂಗಡಿಯಲ್ಲಿ ಮುಖ್ಯವಾದದ್ದೆಲ್ಲ ಸಿಗುತ್ತದೆ. ಒಂದು ಕ್ಯಾರಿಯರಿಗೆ ಬೇಕಾದದ್ದು:

– ಅಲ್ಯೂಮಿನಿಯಂ ಪಟ್ಟಿ, 25 × 5 ಮಿ.ಮೀ.: ಭುಜಕ್ಕೆ 600 ಮಿ.ಮೀ.ನ ಎರಡು, ಡ್ರಮ್ಮಿಗೆ ಕೂರಿಸಲು 200 ಮಿ.ಮೀ.ನ ಒಂದು
– ಅಲ್ಯೂಮಿನಿಯಂ ಪಟ್ಟಿ, 25 × 3 ಮಿ.ಮೀ.: ಎದೆಗೆ ಅಡ್ಡಲಾಗಿ 200 ಮಿ.ಮೀ.
– 2 ಮಿ.ಮೀ. ಅಲ್ಯೂಮಿನಿಯಂ ಶೀಟು: ಹೊಟ್ಟೆಗೆ ಒರಗುವ ಪ್ಲೇಟಿಗೆ 244 × 160 ಮಿ.ಮೀ.
– 40 × 40 × 5 ಮಿ.ಮೀ. ಅಲ್ಯೂಮಿನಿಯಂ ತುಂಡು 2
– 8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ (304) ರಾಡು: ಡ್ರಮ್ ಹೊರುವ ಪಿನ್ನುಗಳಿಗೆ 75 ಮಿ.ಮೀ.ನ ಎರಡು
– ನೈಲಾನ್ ಬ್ಲಾಕು, 35 × 25 × 20 ಮಿ.ಮೀ.: 2
– 6 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟು, ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರವಿದ್ದು ಅದುರಿದರೂ ಸಡಿಲವಾಗದ ನಟ್ಟು), ನೈಲಾನ್ ವಾಷರು: 14 ಜೊತೆ
– 10 ಮಿ.ಮೀ. ಇ.ವಿ.ಎ. ಫೋಮು, ರೆಕ್ಸಿನ್, 38 ಮಿ.ಮೀ. ನೈಲಾನ್ ಬೆಲ್ಟು, ಬಕಲ್ಲು

ಪಟ್ಟಿ 12 ಅಡಿ ಉದ್ದದ್ದು ಸಿಕ್ಕಿದರೆ ಮೂರು ಕ್ಯಾರಿಯರಿನ ಭುಜದ ಪಟ್ಟಿ ಲೆಕ್ಕಕ್ಕೆ ಸರಿಯಾಗಿ ಬರುತ್ತದೆ, ಗರಗಸದ ಪುಡಿಗೆ ಮಾತ್ರ ಚೂರು ಉಳಿಯುತ್ತದೆ. ಇಷ್ಟೆಲ್ಲ ಸೇರಿದ ತೂಕ 1.1ರಿಂದ 1.2 ಕೆ.ಜಿ. ನಿಮ್ಮದು ಒಂದೂಕಾಲು ಕೆ.ಜಿ. ದಾಟಿದ್ದರೆ ಎಲ್ಲೋ ಅಳತೆಯ ಬದಲು ಅಂಗಡಿಯಲ್ಲಿ ಇದ್ದದ್ದನ್ನು ತಂದಿದ್ದೀರಿ.

ಹಂತ 4: ಭುಜದ ಪಟ್ಟಿ

ಹೆಚ್ಚು ಕ್ಯಾರಿಯರುಗಳು ಕೆಡುವುದು ಇಲ್ಲಿ. ಹಗುರ ಬೇಕೆಂದು 3 ಮಿ.ಮೀ. ಪಟ್ಟಿ ಹಾಕುತ್ತಾರೆ, ನಾಲ್ಕು ದಿನದಲ್ಲಿ ಭುಜದ ಬಾಗು ಅಗಲವಾಗಿ ಡ್ರಮ್ ಮುಂದಕ್ಕೆ ಜೋತುಬೀಳುತ್ತದೆ.

ಲೆಕ್ಕ ಹೀಗಿದೆ. ಮಗು ಓಡಿದರೆ, ಮೆಟ್ಟಿಲು ಹಾರಿದರೆ, ಯಾರಾದರೂ ಡ್ರಮ್ಮಿಗೆ ಕೈಯೂರಿದರೆ ಎಂದು ನಿಂತ ಭಾರದ ಮೂರು ಪಟ್ಟು ಹಿಡಿಯಬೇಕು. ಆಗ 25 × 3 ಪಟ್ಟಿಯ ಬಾಗಿನಲ್ಲಿ ಪ್ರತಿ ಚದರ ಮಿ.ಮೀ.ಗೆ ಸುಮಾರು 170 ನ್ಯೂಟನ್ ಒತ್ತಡ ಬೀಳುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 6063 ಜಾತಿಯ, ಟಿ5 ಹದದ ಪಟ್ಟಿ ಸುಮಾರು 145ಕ್ಕೇ ಬಾಗಿಹೋಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಅದೇ 5 ಮಿ.ಮೀ. ಪಟ್ಟಿಯಾದರೆ ಒತ್ತಡ 62ರ ಆಸುಪಾಸು. ದಪ್ಪ 3ರಿಂದ 5ಕ್ಕೆ ಏರಿಸಿದಾಗ ತೂಕ ಒಂದೂಮುಕ್ಕಾಲು ಪಟ್ಟಿನ ಒಳಗೇ ಉಳಿಯುತ್ತದೆ, ಬಿಗುಪು ಮಾತ್ರ ನಾಲ್ಕೂವರೆ ಪಟ್ಟು ಮೀರುತ್ತದೆ. ಎರಡು ಪಟ್ಟಿಗೆ ಹೆಚ್ಚುವ ತೂಕ 160 ಗ್ರಾಂ. ಇದು ಕೊಡಲೇಬೇಕಾದ ತೂಕ.

ಕಬ್ಬಿಣದ ಜೊತೆ ಹೋಲಿಸುವಾಗ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದು ಭಾಗ ತೂಗುತ್ತದೆ, ನಿಜ. ಅದರ ಬಿಗುಪೂ ಹೆಚ್ಚುಕಡಿಮೆ ಮೂರನೇ ಒಂದೇ. ಅಷ್ಟೇ ಬಿಗಿಯಾಗಿ ನಿಲ್ಲಬೇಕಾದರೆ ಪಟ್ಟಿ 1.4 ಪಟ್ಟು ದಪ್ಪವಾಗಬೇಕು, ಆಗ ಉಳಿಯುವುದು ಅರ್ಧ ತೂಕ. ಭುಜದ ಪಟ್ಟಿಗಳ ಲೆಕ್ಕದಲ್ಲಿ 400 ಗ್ರಾಮಿನಷ್ಟು. ಮೂರನೇ ಎರಡು ಭಾಗ ಉಳಿಸಿಕೊಡುತ್ತೇನೆ ಎನ್ನುವ ಫ್ಯಾಬ್ರಿಕೇಟರು ತೆಳು ಪಟ್ಟಿ ಹಾಕಲಿದ್ದಾನೆ ಎಂದೇ ತಿಳಿಯಿರಿ.

ಬಾಗಿಸುವುದು: 4 ಇಂಚಿನ ಜಿ.ಐ. ಪೈಪಿನ ತುಂಡೊಂದನ್ನು ವೈಸಿಗೆ ಕಚ್ಚಿಸಿ, ಪಟ್ಟಿಯನ್ನು ಅದರ ಮೇಲೆ ಕೈಯಿಂದ ಒತ್ತುತ್ತಾ, ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಬಾಗಿಸಿ. ಪಟ್ಟಿ ಚೂರು ವಾಪಸ್ ಬಿಚ್ಚಿಕೊಳ್ಳುವುದರಿಂದ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಾಗಿಸಬೇಕು. ಬೆನ್ನಿನ ಕಡೆಗೆ 150 ಮಿ.ಮೀ., ಭುಜದ ಮೇಲಿನ ಬಾಗಿಗೆ 120, ಎದೆಗೆ 250, ಹೊಟ್ಟೆ ಪ್ಲೇಟಿನ ಮೇಲೆ ಕೂರಲು 80. ಎದೆಯ ಅಡ್ಡಪಟ್ಟಿಯನ್ನು ಬಾಗಿನಿಂದ ಸುಮಾರು 120 ಮಿ.ಮೀ. ಕೆಳಗೆ ಎರಡೆರಡು ಬೋಲ್ಟಿನಿಂದ ಸೇರಿಸಿ. ಒಂದೊಂದೇ ಬೋಲ್ಟಾದರೆ ಚೌಕಟ್ಟು ಕತ್ತರಿಯಂತೆ ಆಡುತ್ತದೆ.

ಮೂರು ಎಚ್ಚರಿಕೆ. ವೈಸಿನ ಚೂಪು ಅಂಚಿನ ಮೇಲೆ ಬಾಗಿಸಿದರೆ ಹೊರಮೈ ಬಿರಿಯುತ್ತದೆ. ಬಾಗುತ್ತಿಲ್ಲವೆಂದು ಗ್ಯಾಸ್ ಟಾರ್ಚ್ ಹಿಡಿಯಬೇಡಿ. ಕಾಯಿಸಿದ ಜಾಗದಲ್ಲಿ ಹದ ಇಳಿದು ಪಟ್ಟಿ ಮೆತ್ತಗಾಗುತ್ತದೆ. ವೆಲ್ಡಿಂಗ್ ಬೇಡ ಎನ್ನುವುದೂ ಇದೇ ಕಾರಣಕ್ಕೆ, ವೆಲ್ಡಿನ ಪಕ್ಕದ ಲೋಹ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಮತ್ತೆ, ಬಾಗಿನಿಂದ 40 ಮಿ.ಮೀ. ಒಳಗೆ ಯಾವ ತೂತೂ ಬೇಡ.

ಎತ್ತರ ಹೊಂದಿಸಲು ಪಟ್ಟಿಯ ಕೆಳತುದಿಯಲ್ಲಿ 20 ಮಿ.ಮೀ.ಗೆ ಒಂದರಂತೆ 6.5 ಮಿ.ಮೀ. ತೂತುಗಳ ಸಾಲು ಕೊರೆಯಿರಿ. ಒಂಬತ್ತನೇ ತರಗತಿಯ ಹುಡುಗ ಒಂದೇ ವರ್ಷದಲ್ಲಿ ಎರಡು ತೂತಿನಷ್ಟು ಬೆಳೆಯಬಹುದು.

ಹಂತ 5: ಹೊಟ್ಟೆ ಪ್ಲೇಟು

244 ಮಿ.ಮೀ. ಶೀಟಿನ ಎರಡೂ ಪಕ್ಕವನ್ನು 12 ಮಿ.ಮೀ. ಅಗಲಕ್ಕೆ, ಡ್ರಮ್ಮಿನ ಕಡೆಗೆ ಮಡಚಿ. 220 ಅಗಲ, 160 ಎತ್ತರದ ತಟ್ಟೆ ಸಿಗುತ್ತದೆ. ಈ ಮಡಿಕೆ ಬರೀ ಚಂದಕ್ಕಲ್ಲ. ಚಪ್ಪಟೆ 2 ಮಿ.ಮೀ. ಶೀಟು ಡ್ರಮ್ಮಿನ ಭಾರಕ್ಕೆ ಬಾಗುತ್ತದೆ, ಮಡಚಿದ್ದು ತಡೆಯುತ್ತದೆ. ಇಪ್ಪತ್ತು ಗ್ರಾಂ ಲೋಹಕ್ಕೆ ಸಿಗುವ ದೊಡ್ಡ ಲಾಭ. ಮೈಯ ಕಡೆಗೆ ಬರುವ ಮೂಲೆಗಳನ್ನೆಲ್ಲ ಅರದಿಂದ ಉಜ್ಜಿ ದುಂಡಗೆ ಮಾಡಿ.

ಇಲ್ಲಿ ಎಲ್ಲರಿಗೂ ದೊಡ್ಡ ದೊಡ್ಡ ತೂತು ಕೊರೆದು ಹಗುರ ಮಾಡುವ ಆಸೆ. 2 ಮಿ.ಮೀ. ಶೀಟಿನಲ್ಲಿ 20 ಮಿ.ಮೀ. ವ್ಯಾಸದ ಒಂದು ತೂತು ಕೊರೆದರೆ ಉಳಿಯುವುದು 1.7 ಗ್ರಾಂ. ಹತ್ತು ಕೊರೆದರೂ 17 ಗ್ರಾಂ, ಅದೇ ಹತ್ತು ಜಾಗದಲ್ಲಿ ಬಿರುಕು ಹುಟ್ಟಲು ಅವಕಾಶ. ನೋಡಲು ವಿಮಾನದ ಭಾಗದ ಹಾಗೆ ಕಾಣುತ್ತದೆ ಅಷ್ಟೆ. ಬೇಡ.

ಹಂತ 6: ಪಿನ್ನು ಮತ್ತು ಡ್ರಮ್ ಬದಿಯ ಪಟ್ಟಿ

ಸ್ಟೇನ್‌ಲೆಸ್ ರಾಡಿನ ಒಂದು ತುದಿಗೆ 20 ಮಿ.ಮೀ. ಉದ್ದ ಮರೆ (ನಟ್ಟು ತಿರುಗುವ ಸುರುಳಿ ಗೆರೆ) ಹಾಕಿಸಿ. ಪ್ಲೇಟಿನಿಂದ 30 ಮಿ.ಮೀ. ಮುಂದಕ್ಕೆ ಬಂದು 25 ಮಿ.ಮೀ. ಮೇಲಕ್ಕೆ ತಿರುಗುವ ಹಾಗೆ ಬಾಗಿಸಿ. ಮೇಲ್ತುದಿಯಲ್ಲಿ 2.5 ಮಿ.ಮೀ. ತೂತು ಕೊರೆದರೆ ಲಾಕಿಗೆ ಆರ್-ಪಿನ್ (ಇಂಗ್ಲಿಷಿನ R ಆಕಾರದ ಸ್ಪ್ರಿಂಗ್ ಕಂಬಿ) ಹಾಕಬಹುದು. ಪ್ಲೇಟಿಗೆ ಕೂರಿಸುವಾಗ ಮೈಯ ಕಡೆಯಿಂದ 40 × 40 ತುಂಡಿಟ್ಟು ಎರಡೂ ಬದಿಗೆ ನಟ್ಟು ಬಿಗಿಯಿರಿ. ಆ ತುಂಡಿಲ್ಲದಿದ್ದರೆ ಪಿನ್ನಿನ ಸುತ್ತ ಶೀಟು ತಟ್ಟೆಯಂತೆ ಕುಳಿಬೀಳುತ್ತದೆ.

ಇದನ್ನೂ ಅಲ್ಯೂಮಿನಿಯಂನಲ್ಲೇ ಮಾಡಿದರೆ ಎರಡು ಪಿನ್ನು ಸೇರಿ 40 ಗ್ರಾಂ ಉಳಿಯುತ್ತದೆ. ಆದರೆ ಅಲ್ಯೂಮಿನಿಯಂ ಮರೆ ಬೇಗ ಸವೆಯುತ್ತದೆ, ಸವೆದರೆ ಡ್ರಮ್ ನೆಲಕ್ಕೆ. 6 ಮಿ.ಮೀ. ಸ್ಟೀಲ್ ರಾಡೂ ಸಾಲದು. ಮೂರು ಪಟ್ಟು ಭಾರದಲ್ಲಿ ಮರೆಯ ಬುಡ ಬಾಗುವ ಅಂಚಿಗೆ ಬರುತ್ತದೆ. 8 ಮಿ.ಮೀ.ನದರಲ್ಲಿ ಒತ್ತಡ ಅದರ ಅರ್ಧಕ್ಕಿಂತ ಕಡಿಮೆ.

ಈಗ ಡ್ರಮ್ಮಿನ ಬದಿ. ಶೆಲ್ಲಿಗೆ ತೂತು ಕೊರೆಯಲೇಬೇಡಿ. ಎರಡು ನೈಲಾನ್ ಬ್ಲಾಕನ್ನು ಲೇತ್ ಅಂಗಡಿಯಲ್ಲಿ ಉದ್ದಕ್ಕೆ ಸೀಳಿಸಿ, ಟೆನ್ಷನ್ ರಾಡು ಕೂರುವಷ್ಟು ಗಾಡಿ (ಉದ್ದನೆಯ ಕೊರಕಲು) ಹಾಕಿಸಿ. ರಾಡಿನ ದಪ್ಪಕ್ಕಿಂತ ಅರ್ಧ ಮಿ.ಮೀ. ಹೆಚ್ಚಿಗೆ ಇರಲಿ. ಬ್ಲಾಕು ರಾಡನ್ನು ಬಿಗಿಯಾಗಿ ಹಿಡಿದರೆ ಆಮೇಲೆ ಶ್ರುತಿ ಮಾಡಲು ರಾಡು ತಿರುಗುವುದಿಲ್ಲ. ಈ ತಪ್ಪು ಗೊತ್ತಾಗುವುದು ಮೆರವಣಿಗೆಯ ದಿನ ಬೆಳಿಗ್ಗೆಯೇ. ಬ್ಲಾಕಿನ ಮೇಲ್ಮೈ ಮೇಲಿನ ರಿಮ್ಮಿನ ಕಿವಿಗೆ ತಾಗಿ ನಿಲ್ಲಬೇಕು, ಭಾರ ಅಲ್ಲಿಂದಲೇ ಏರುವುದು.

ಬ್ಲಾಕುಗಳ ಅಡಿಗೆ 200 ಮಿ.ಮೀ. ಪಟ್ಟಿಯನ್ನು ಅಗಲ ಮಲಗಿಸಿ ಬೋಲ್ಟ್ ಮಾಡಿ, ಪಿನ್ನಿನ ಅಂತರಕ್ಕೆ ಸರಿಯಾಗಿ 9 ಮಿ.ಮೀ.ನ ಎರಡು ತೂತು ಕೊರೆಯಿರಿ. ಪಟ್ಟಿ ನೇರ, ಶೆಲ್ಲು ಉರುಟು, ನಡುವಿನಲ್ಲಿ ತಾಗಿಬಿಡುತ್ತದೆ. ಕನಿಷ್ಠ 3 ಮಿ.ಮೀ. ಸಂದಿ ಇರುವಂತೆ ಪಟ್ಟಿಯನ್ನು ಹೊರಕ್ಕೆ ಕೂರಿಸಿ. ಅದಕ್ಕಾಗಿಯೇ ಬ್ಲಾಕು 35 ಮಿ.ಮೀ. ಉದ್ದ. ಲೋಹ ಶೆಲ್ಲಿಗೆ ತಾಗಿದರೆ ಪ್ರತಿ ಪೆಟ್ಟಿಗೂ ಕಟಕಟ ಸದ್ದು.

ಎಡಗೈಯನ್ನು ಅಂಗೈ ಮೇಲೆ ಮಾಡಿ ಕೋಲು ಹಿಡಿಯುವ ಹಳೆ ಪದ್ಧತಿಯವರಿಗೆ ಡ್ರಮ್ ಬಲಕ್ಕೆ ಸ್ವಲ್ಪ ವಾಲಬೇಕು. ಬಾರಿಸುವವರ ಎಡಗಡೆಯ ಪಿನ್ನನ್ನು ಬಲಗಡೆಯದಕ್ಕಿಂತ 30 ಮಿ.ಮೀ. ಮೇಲೆ ಕೂರಿಸಿದರೆ 12 ಡಿಗ್ರಿಯಷ್ಟು ವಾಲು ಬರುತ್ತದೆ. ಆಗ ಪಟ್ಟಿಯ ತೂತನ್ನು 9ರ ಬದಲು 10 ಮಿ.ಮೀ. ಮಾಡಿ, ಇಲ್ಲದಿದ್ದರೆ ಓರೆಯಾದ ಪಿನ್ನು ಕಚ್ಚಿಕೊಳ್ಳುತ್ತದೆ. ಎರಡೂ ಕೈಯಲ್ಲಿ ಒಂದೇ ರೀತಿ ಕೋಲು ಹಿಡಿಯುವವರಿಗೆ ಸಮತಟ್ಟೇ ಸರಿ.

ಹಂತ 7: ಕೆಳಗಿನ ಒರಗು

ಪಿನ್ನುಗಳು ಡ್ರಮ್ಮನ್ನು ಮೇಲಿಂದ ಹಿಡಿದಿವೆ, ಕೆಳಭಾಗ ಮೈಯ ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಪ್ಲೇಟಿನ ಕೆಳ ಅಂಚಿನ ನಡುವೆ ಒಂದು ಮೆತ್ತೆ ಬೇಕು. ಪಿನ್ನಿನಿಂದ ಅದು 12 ಸೆಂ.ಮೀ. ಕೆಳಗಿದ್ದರೆ ಮೆತ್ತೆಯ ಮೇಲೆ ಸುಮಾರು 7 ಕೆ.ಜಿ. ಒತ್ತು ಬೀಳುತ್ತದೆ, 8 ಸೆಂ.ಮೀ. ಕೆಳಗಿದ್ದರೆ 10 ಕೆ.ಜಿ. ಮೀರುತ್ತದೆ. ಆದಷ್ಟೂ ಕೆಳಗಿಡಿ, ಆದರೆ ತೊಡೆ ಎತ್ತುವಾಗ ತಾಗದಿರಲಿ. ಪ್ಲೇಟಿನಿಂದ ಶೆಲ್ಲಿಗೆ ಎಷ್ಟು ಸಂದಿಯಿದೆಯೋ ಅಷ್ಟು ದಪ್ಪಕ್ಕೆ, ಸಾಮಾನ್ಯವಾಗಿ 45 ಮಿ.ಮೀ., ಹಳೆ ಹವಾಯಿ ಚಪ್ಪಲಿಯ ಅಟ್ಟೆಗಳನ್ನು ಅಂಟಿಸಿ ಕತ್ತರಿಸಿದರೂ ನಡೆಯುತ್ತದೆ.

ಹಂತ 8: ಮೆತ್ತೆ, ಬೆಲ್ಟು

ಭುಜಕ್ಕೂ ಹೊಟ್ಟೆಗೂ ಇ.ವಿ.ಎ. ಫೋಮು, ಮೇಲೆ ರೆಕ್ಸಿನ್. ಭುಜದ ಮೆತ್ತೆ ಪಟ್ಟಿಗಿಂತ ಅಗಲ ಇರಲಿ, 60 ಮಿ.ಮೀ.ನಷ್ಟು. ಸೋಫಾದ ಸ್ಪಂಜು ಹಾಕಬೇಡಿ. ನಮ್ಮ ಕಡೆ ಆಗಸ್ಟಿನಲ್ಲಿ ಮಳೆ ಬಿಡುವುದಿಲ್ಲ. ಸ್ಪಂಜು ನೀರು ಕುಡಿದು, ಗ್ರಾಂ ಲೆಕ್ಕದಲ್ಲಿ ಉಳಿಸಿದ್ದನ್ನೆಲ್ಲ ಒಂದೇ ಮಳೆಗೆ ವಾಪಸ್ ಕೊಟ್ಟುಬಿಡುತ್ತದೆ. ಬೆನ್ನ ಹಿಂದೆ ಎರಡು ಪಟ್ಟಿಯ ತುದಿಗಳನ್ನು ನೈಲಾನ್ ಬೆಲ್ಟು, ಬಕಲ್ಲಿನಿಂದ ಸೇರಿಸಿ.

ಹಂತ 9: ಮಗುವಿನ ಮೈಗೆ ಹಾಕುವ ಮುಂಚೆ ಪರೀಕ್ಷೆ

ಮರಳು ತುಂಬಿದ ಗೋಣಿಚೀಲವನ್ನು ಕಂಬಕ್ಕೆ ಕಟ್ಟಿ, ಕ್ಯಾರಿಯರನ್ನು ಅದಕ್ಕೆ ತೊಡಿಸಿ. ಡ್ರಮ್ಮಿನ ಬದಲು ಮರದ ಹಲಗೆಯೊಂದನ್ನು ಪಿನ್ನುಗಳ ಮೇಲೆ ಕೂರಿಸಿ, ಅದರ ಅಡಿಯಿಂದ ಕೆಳಗಿನ ಮೆತ್ತೆಗೆ ಒರಗುವ ಹಾಗೆ ಒಂದು ಮರದ ತುಂಡು ಹೊಡೆಯಿರಿ. ಪಿನ್ನಿನಿಂದ 19 ಸೆಂ.ಮೀ. ಮುಂದೆ, ಅಂದರೆ ಡ್ರಮ್ಮಿನ ನಡು ಬರುವ ಜಾಗದಲ್ಲಿ, ಡ್ರಮ್ಮಿನ ಮೂರು ಪಟ್ಟು ತೂಕ ನೇತುಹಾಕಿ. 4.5 ಕೆ.ಜಿ. ಡ್ರಮ್ಮಿಗೆ 13.5 ಕೆ.ಜಿ. ಹತ್ತು ನಿಮಿಷ ಬಿಡಿ. ನೇತುಹಾಕುವ ಮುಂಚೆ ಮತ್ತು ಇಳಿಸಿದ ಮೇಲೆ ಭುಜದ ಬಾಗಿನ ಅಗಲ ಅಳೆಯಿರಿ. 3 ಮಿ.ಮೀ.ಗಿಂತ ಹೆಚ್ಚು ಹಿಗ್ಗಿದ್ದರೆ ಆ ಪಟ್ಟಿ ಮೆತ್ತಗಿನ ಜಾತಿಯದು, ಬದಲಿಸಿ.

ಆಮೇಲೆ ತೊಡಿಸಿ ನಡೆಸಿ. ತೋಳು ಇಳಿಬಿಟ್ಟು ಮೊಣಕೈ ಮಡಚಿದಾಗ ಕೋಲಿನ ತುದಿ ಚರ್ಮದ ನಡುವಿಗೆ ತಾನಾಗಿ ಬರಬೇಕು. ಭುಜ ಎತ್ತಿ ಬಾರಿಸುತ್ತಿದ್ದರೆ ಡ್ರಮ್ ಮೇಲಿದೆ, ಒಂದು ತೂತು ಇಳಿಸಿ.

ಬಿಗ್ ಡ್ರಮ್ಮಿಗೂ ಇದನ್ನೇ ದೊಡ್ಡದು ಮಾಡಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. 26 ಇಂಚಿನ, 7 ಕೆ.ಜಿ. ಡ್ರಮ್ಮು ಮುಂದಕ್ಕೆ ಜಗ್ಗುವುದು ಇದರ ಎರಡೂವರೆ ಪಟ್ಟಿಗೆ ಹತ್ತಿರ. ಅಲ್ಲಿ 25 ಮಿ.ಮೀ. ವ್ಯಾಸ, 1.6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪೈಪು ಬೇಕು. ಮೀಟರಿಗೆ ಅದು ನಮ್ಮ 25 × 5 ಪಟ್ಟಿಗಿಂತ ಚೂರು ಹಗುರವೇ, ಬಾಗು ತಡೆಯುವ ಬಲ ಮಾತ್ರ ಆರು ಪಟ್ಟು. ಹಾಗಿದ್ದರೆ ಸೈಡ್ ಡ್ರಮ್ಮಿಗೂ ಪೈಪೇ ಯಾಕಲ್ಲ? ಒಳಗೆ ಮರಳು ತುಂಬಿ ಬೆಂಡರಿನಲ್ಲಿ ಬಾಗಿಸದಿದ್ದರೆ ಪೈಪು ನುಲಿದು ಚಪ್ಪಟೆಯಾಗುತ್ತದೆ, ಭುಜದ ಮೇಲೆ ಉರುಟಾಗಿ ಒತ್ತುತ್ತದೆ. ಮಕ್ಕಳ ಅಳತೆಗೆ ಪಟ್ಟಿಯೇ ವಾಸಿ.

ಬಳಕೆಗೆ ಬಂದ ಮೇಲೆ ನೋಡಬೇಕಾದದ್ದು ಎರಡು. ತೇಜ್ ಚಲ್‌ನಲ್ಲಿ ನಿಮಿಷಕ್ಕೆ 120 ಹೆಜ್ಜೆ, ಗಂಟೆಗೆ 7,200. ದಿನಕ್ಕೊಂದು ಗಂಟೆಯಂತೆ ಒಂದು ತಿಂಗಳ ತಾಲೀಮಿಗೆ ಎರಡು ಲಕ್ಷ ದಾಟುತ್ತದೆ, ಪ್ರತಿ ಹೆಜ್ಜೆಗೂ ಪಟ್ಟಿ ಒಮ್ಮೆ ಅದುರುತ್ತದೆ. ಇಷ್ಟು ಭಾರದ ಕೆಳಗೆ ಎಂದೂ ದಣಿಯದು ಎನ್ನುವ ಗೆರೆ ಅಲ್ಯೂಮಿನಿಯಂಗೆ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ತೂತುಗಳ ಅಂಚನ್ನೂ ಭುಜದ ಬಾಗಿನ ಹೊರಮೈಯನ್ನೂ ಒರೆಸಿ, ಟಾರ್ಚ್ ಹಿಡಿದು ನೋಡಿ. ಕೂದಲೆಳೆಯ ಗೆರೆ ಕಂಡರೂ ಆ ಪಟ್ಟಿ ಗುಜರಿಗೆ. ವೆಲ್ಡ್ ಮಾಡಿ ತೇಪೆ ಹಾಕಬೇಡಿ.

ಎರಡನೆಯದು ನೀರು. ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿ, ನಡುವೆ ಬೆವರೋ ಮಳೆನೀರೋ ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕೊರೆಯುತ್ತದೆ. ನೈಲಾನ್ ವಾಷರು ಅದಕ್ಕೇ. ಪಿನ್ನಿನ ಬುಡಕ್ಕೆ ಚೂರು ಗ್ರೀಸ್ ಸವರಿ. ಮೈದಾನದಿಂದ ಬಂದ ತಕ್ಷಣ ಒದ್ದೆ ಕ್ಯಾರಿಯರನ್ನು ಚೀಲಕ್ಕೆ ತುರುಕದೆ, ಬಕಲ್ ಬಿಚ್ಚಿ, ಮೆತ್ತೆ ಹೊರಗೆ ಮಾಡಿ, ಗಾಳಿಯಾಡುವ ಕಡೆ ಮೊಳೆಗೆ ನೇತುಹಾಕಿ.